ಗುರುಸಿದ್ದವ್ವನ ಕೈಗುಣದ ಕಂಪ್ಯೂಟರ್

ಮುಂಡರಗಿಯಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ಹುಚ್ಚೀರಪ್ಪ ಸಾವಕಾರರ ಪ್ರೆಸ್ಸಿನಲ್ಲಿ ನಾನು ಅಕ್ಷರ ಜೋಡಿಸುವವನು. ಹೆಸರು ಯೂಸುಫ. ಆರು ವರ್ಷದಿಂದ ಇದೇ ಕೆಲಸ. ಈ ಆರು ವರ್ಷದಲ್ಲಿ ಒಬ್ಬ ವರನ ಹೆಸರನ್ನೂ ಬೇರೆ ವಧುವಿನ ಪತ್ರಿಕೆಯಲ್ಲಿ ಹಾಕಿಲ್ಲ. ಒಮ್ಮೆ ಹಾಕಿದ್ದೆ, ಆದರೆ ಅಚ್ಚಿಗೆ ಹೋಗುವ ಮೊದಲೇ ಸಿಕ್ಕಿತು. ಅದನ್ನು ತಪ್ಪೆಂದು ಎಣಿಸಬೇಕೋ ಬೇಡವೋ ನನಗೆ ಇನ್ನೂ ತೀರ್ಮಾನವಾಗಿಲ್ಲ. ಇದನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ಮುಂದೆ ಬರುವ ಸಂಗತಿಯಲ್ಲಿ ತಪ್ಪೆಲ್ಲ ನನ್ನದೇ ಎಂದು ಊರಿನವರು ಹೇಳುತ್ತಾರೆ. ನಾನು ಅಲ್ಲಗಳೆಯುವುದಿಲ್ಲ. ಆದರೆ ಅದು ಅಲಕ್ಷ್ಯದಿಂದ ಆದ ತಪ್ಪಲ್ಲ, ಅತಿಯಾದ ಲಕ್ಷ್ಯದಿಂದ ಆದದ್ದು.

ಗದಗಿನಲ್ಲಿ ವಾರಕ್ಕೆ ಮೂರು ಸಂಜೆ ನಡೆಯುವ ಕಂಪ್ಯೂಟರ್ ತರಗತಿಗೆ ನಾನು ಐದು ತಿಂಗಳು ಹೋಗಿದ್ದೇನೆ. ಬಸ್ಸು ತಡವಾಗಿ ಬಹಳಷ್ಟು ಪಾಠಗಳ ಆರಂಭ ನನಗೆ ಸಿಗಲಿಲ್ಲ. ಕೊನೆಯ ಪಾಠ ಮಾತ್ರ ಪೂರ್ತಿ ಸಿಕ್ಕಿತು. ಅದು ಸುರಕ್ಷೆಯ ಪಾಠ. ಪಾಸ್‌ವರ್ಡನ್ನು ಹೆತ್ತ ಮಕ್ಕಳಿಗೂ ಹೇಳಬಾರದು, ಒಬ್ಬರು ಅದನ್ನು ಒತ್ತುವಾಗ ಪಕ್ಕದಲ್ಲಿದ್ದವರು ಮುಖ ತಿರುಗಿಸಬೇಕು ಎಂದು ಮಾಸ್ತರರು ಹೇಳಿದ್ದು ನನ್ನ ಎದೆಯಲ್ಲಿ ಮೊಳೆ ಹೊಡೆದಂತೆ ಕುಳಿತಿತ್ತು.

ಪ್ರೆಸ್ಸಿಗೆ ಹೊಸ ಕಂಪ್ಯೂಟರ್ ಬಂದದ್ದು ಕಳೆದ ವರ್ಷ. ಸಾವಕಾರರ ಮನೆಯಲ್ಲಿ ಒಂದು ಪದ್ಧತಿ ಇದೆ. ಯಾವ ಹೊಸ ವಸ್ತು ಬಂದರೂ ಅದು ಅವರ ತಾಯಿ ಗುರುಸಿದ್ದವ್ವನ ಹೆಸರಿನಲ್ಲಿ ಆಗಬೇಕು, ಅದರ ಮೇಲೆ ಮೊದಲ ಕೈ ಅವರದೇ ಬೀಳಬೇಕು. ಗುರುಸಿದ್ದವ್ವನ ಕೈಗುಣ ಇಡೀ ಓಣಿಗೆ ಗೊತ್ತು. ಮನೆಯ ಕರೆಂಟ್ ಮೀಟರ್ ಅವರ ಹೆಸರಿನಲ್ಲಿದೆ, ಹೊಲದ ಪಂಪು ಅವರ ಹೆಸರಿನಲ್ಲಿದೆ, ಅವರು ಒಮ್ಮೆಯೂ ಹತ್ತದ ಮೋಟಾರ್ ಸೈಕಲ್ಲು ಕೂಡ ಅವರ ಹೆಸರಿನಲ್ಲೇ ಇದೆ. ಎಂಬತ್ತರ ಹತ್ತಿರದ ಜೀವ; ಓದು ಬರಹ ಬಾರದು. ಆದರೂ ಕಂಪ್ಯೂಟರ್ ‘ಮಾಲಕರು ಯಾರು’ ಎಂದು ಕೇಳಿದಾಗ ಅವ್ವನ ಹೆಸರನ್ನೇ ಹಾಕು ಎಂದು ಸಾವಕಾರರು ಹೇಳಿದರು. ಹಾಕಿದೆ. ಮಾಲಕರು ಒಂದು ಪಾಸ್‌ವರ್ಡ್ ಇಡಬೇಕು ಎಂದು ಅದು ಕೇಳಿತು.

ಇಲ್ಲಿ ಬೇರೆ ಯಾರಾದರೂ ಆಗಿದ್ದರೆ ತಾವೇ ಏನೋ ಒಂದನ್ನು ಒತ್ತಿ ಮುಗಿಸುತ್ತಿದ್ದರು. ನಾನು ಕಲಿತವನು. ಪೂಜೆ ಮುಗಿದು ದೀಪ ಇನ್ನೂ ಉರಿಯುತ್ತಿತ್ತು. ಗುರುಸಿದ್ದವ್ವನನ್ನು ಕೀಲಿಮಣೆಯ ಮುಂದೆ ನಿಲ್ಲಿಸಿ, ಎಂಟಕ್ಕಿಂತ ಕಡಿಮೆ ಇಲ್ಲದಂತೆ ನಿಮಗೆ ತಿಳಿದ ಕೀಲಿಗಳನ್ನು ಒತ್ತಿರಿ, ಮತ್ತೆ ಒತ್ತು ಅಂದರೆ ಅವನ್ನೇ ಒತ್ತಲು ಬರಬೇಕು ಎಂದು ಹೇಳಿ ನಾನು ಗೋಡೆಯ ಕಡೆ ತಿರುಗಿದೆ. ಒಂಬತ್ತು ಸಲ ಟಕ್ ಟಕ್ ಎಂದಿತು. ಯಂತ್ರ ಇನ್ನೊಮ್ಮೆ ಕೇಳಿತು. ಮತ್ತೆ ಒಂಬತ್ತು. ಯಂತ್ರ ಒಪ್ಪಿಕೊಂಡಿತು. ಓದಿದವರೇ ಎರಡನೇ ಸಲಕ್ಕೆ ತಪ್ಪುವುದನ್ನು ನಾನು ತರಗತಿಯಲ್ಲಿ ಕಂಡಿದ್ದೆ; ನನಗೆ ಬೆರಗಾಯಿತು. ಹೇಗೆ ನೆನಪಿಟ್ಟಿರಿ ಎಂದರೆ, ಅರವತ್ತು ವರ್ಷ ರಂಗೋಲಿ ಚುಕ್ಕಿ ಇಟ್ಟ ಕೈ ತಪ್ಪುವುದಿಲ್ಲ ಎಂದರು.

ಅಲ್ಲಿಗೆ ಬಿಡಬಹುದಿತ್ತು. ನಾನು ಬಿಡಲಿಲ್ಲ. ಇದನ್ನು ಹೆತ್ತ ಮಕ್ಕಳಿಗೂ ಹೇಳುವುದಿಲ್ಲ ಎಂದು ಅವರಿಂದ ದೀಪ ಮುಟ್ಟಿಸಿ ಆಣೆ ಮಾಡಿಸಿದೆ. ಆಮೇಲೆ ಯಂತ್ರದ ಸುರಕ್ಷಾ ನೀತಿ ಎಷ್ಟು ಬಿಗಿ ಇರಬೇಕು ಎಂದು ಕೇಳಿದ ಕಡೆ ಎಲ್ಲಕ್ಕಿಂತ ಬಿಗಿಯಾದುದನ್ನು ಆರಿಸಿದೆ. ಐದು ಸಲ ತಪ್ಪು ಪಾಸ್‌ವರ್ಡ್ ಬಿದ್ದರೆ ಒಳಗಿದ್ದುದನ್ನೆಲ್ಲ ಅಳಿಸಿಬಿಡಲೇ ಎಂದು ಅದು ಕೇಳಿತು. ಹೌದು ಎಂದೆ. ನನ್ನ ದಿನನಿತ್ಯದ ಕೆಲಸಕ್ಕೆ ಬೇರೆಯೇ ಒಂದು ಸಣ್ಣ ಬಾಗಿಲು ಇಟ್ಟುಕೊಂಡೆ. ಮಾಲಕರ ಬಾಗಿಲನ್ನು ಮತ್ತೆ ಮುಟ್ಟುವ ಪ್ರಸಂಗ ಬರಲಿಲ್ಲ. ಪತ್ರಿಕೆ ಮಾಡಿಸಲು ಬಂದವರಿಗೆಲ್ಲ, ಈ ಕಂಪ್ಯೂಟರನ್ನು ಜಿಲ್ಲಾಧಿಕಾರಿಗಳು ಬಂದರೂ ತೆರೆಯಲಾಗದು ಎಂದು ಹೇಳುತ್ತಿದ್ದೆ. ಹೇಳುವಾಗ ಎದೆ ಒಂದಿಷ್ಟು ಮುಂದೆ ಬರುತ್ತಿತ್ತು. ಅದಕ್ಕೇ ದೇವರು ಹೊಳೆಯಪ್ಪನನ್ನು ಕಳಿಸಿದ ಎಂದು ಈಗ ಅನ್ನಿಸುತ್ತದೆ.

ಹೊಳೆಯಪ್ಪ ಕೊರ್ಲಹಳ್ಳಿಯವರು. ಮಗಳು ಸುಶ್ಮಿತಾಳ ಮದುವೆ ಗೊತ್ತಾಗಿತ್ತು. ಅವರ ಮನೆತನ ಎರಡು ಕವಲು: ಮೇಲಿನ ಮನೆ, ಕೆಳಗಿನ ಮನೆ. ಹೊಳೆಯಪ್ಪನವರದು ಕೆಳಗಿನ ಮನೆ. ಪತ್ರಿಕೆಯಲ್ಲಿ ಸುಖಾಗಮನ ಬಯಸುವವರ ಹೆಸರು ನೂರಾ ನಲವತ್ತಮೂರು. ಆ ಮನೆತನದಲ್ಲಿ ಯಾರ ಹೆಸರು ಮೊದಲು ಬರುತ್ತದೋ ಅವರೇ ಮದುವೆಯಲ್ಲಿ ವಧೂವರರ ಮೇಲೆ ಮೊದಲ ಅಕ್ಕಿಕಾಳು ಹಾಕಬೇಕು, ಉಳಿದವರು ಆಮೇಲೆ. ಹಾಗಾಗಿ ಮೊದಲ ಹೆಸರಿಗಾಗಿ ಎರಡು ತಿಂಗಳು ಜಗಳ ನಡೆಯಿತು. ಹನ್ನೊಂದು ಸಲ ಹಿರಿಯರು ಕೂಡಿದರು, ಒಂಬತ್ತು ಸಲ ಎದ್ದು ಹೋದರು. ತಪ್ಪು ತಿದ್ದಲೆಂದು ನಾನು ಕಾಗದದ ಮೇಲೆ ಪ್ರೂಫು ಕೊಟ್ಟಾಗಲೆಲ್ಲ ಯಾರೋ ಒಬ್ಬರು ಕಿಸೆಯಿಂದ ಪೆನ್ನು ತೆಗೆದು ತಮ್ಮ ಅಣ್ಣನನ್ನು ಎರಡು ಸಾಲು ಮೇಲೆ ಏರಿಸುತ್ತಿದ್ದರು. ಕೊನೆಗೆ ನಾನೇ ಒಂದು ಉಪಾಯ ಹೇಳಿದೆ: ಇನ್ನು ಕಾಗದ ಬೇಡ, ಪರದೆಯ ಮೇಲೆ ನೋಡಿ ಹೂಂ ಅನ್ನಿರಿ. ಪರದೆಯ ಮೇಲೆ ಪೆನ್ನು ಓಡುವುದಿಲ್ಲ. ಎರಡೂ ಮನೆಯ ಹಿರಿಯರು ಬಂದು ನೋಡಿ ಹೂಂ ಅಂದರು. ಜಗಳ ಮುಗಿಯಿತು. ಇನ್ನೊಮ್ಮೆ ಈ ಕ್ರಮ ಕೆಟ್ಟರೆ ನಾವು ಮದುವೆಗೇ ಬರುವುದಿಲ್ಲ ಎಂದು ಮೇಲಿನ ಮನೆಯ ಅಜ್ಜ ಹೋಗುವಾಗ ಹೇಳಿದ್ದರು. ಆ ಕ್ರಮ ಜಗತ್ತಿನಲ್ಲಿ ಇದ್ದದ್ದು ಒಂದೇ ಕಡೆ, ನಮ್ಮ ಕಂಪ್ಯೂಟರಿನಲ್ಲಿ. ಮಂಗಳವಾರ ಬೆಳಿಗ್ಗೆ ಮೊದಲ ಪತ್ರಿಕೆಯನ್ನು ಮನೆದೇವರ ಮುಂದೆ ಇಡಬೇಕಿತ್ತು. ಅದಕ್ಕೆ ಸೋಮವಾರ ಹೊತ್ತು ಮುಳುಗುವುದರೊಳಗೆ ಒಯ್ಯಲು ಬರುವುದಾಗಿ ಹೇಳಿದ್ದರು.

ಸೋಮವಾರ ಬೆಳಿಗ್ಗೆ ಕಂಪ್ಯೂಟರ್ ಹಚ್ಚಿದೆ. ಅದು ಅರ್ಧಕ್ಕೆ ಬಂದು ನಿಂತಿತು. ತನ್ನೊಳಗೆ ಏನೋ ಕೆಟ್ಟಿದೆ, ರಿಕವರಿ ಮೋಡ್‌ಗೆ ಹೋಗಿ ಸರಿಪಡಿಸಿಕೊಳ್ಳಿ ಎಂದಿತು. ರಿಕವರಿ ಮೋಡ್ ಎಂದರೆ ಬಿದ್ದ ಯಂತ್ರವನ್ನು ಎಬ್ಬಿಸುವ ಹಿತ್ತಲ ಬಾಗಿಲು. ನಾನು ಧೈರ್ಯವಾಗಿ ಹಿತ್ತಲ ಬಾಗಿಲು ತಟ್ಟಿದೆ. ಆಗ ಪರದೆಯ ಮೇಲೆ ಬಂದ ಮಾತನ್ನು ನಾನು ಹನ್ನೊಂದು ಸಲ ಓದಿದೆ. ಈ ಯಂತ್ರದ ಸುರಕ್ಷಾ ನೀತಿಯ ಪ್ರಕಾರ ರಿಕವರಿ ಮೋಡ್‌ಗೆ ಹೋಗಲು ನಿಮಗೆ ಅನುಮತಿ ಇಲ್ಲ, ಮಾಲಕರೇ ಬರಬೇಕು ಎಂದಿತ್ತು. ಕೆಳಗೆ ಮಾಲಕರ ಹೆಸರು: ಗುರುಸಿದ್ದವ್ವ.

ಜಿಲ್ಲಾಧಿಕಾರಿಗಳು ಬಂದರೂ ತೆರೆಯದ ಹಾಗೆ ಮಾಡಿದ್ದವನು ನಾನೇ. ನಾನು ಬಂದರೂ ತೆರೆಯುವುದಿಲ್ಲ ಎಂಬುದನ್ನು ಯೋಚಿಸಿರಲಿಲ್ಲ.

ಸಾವಕಾರರಿಗೆ ಹೇಳಿದೆ. ಅವರು ನಂಬಲಿಲ್ಲ. ನನ್ನ ಅಂಗಡಿ, ನನ್ನ ಪೆಟ್ಟಿಗೆ, ನನಗೇಕೆ ತೆರೆಯುವುದಿಲ್ಲ ಎಂದು ಕುರ್ಚಿ ಎಳೆದು ಕುಳಿತು ತಮ್ಮ ಹೆಸರು ಹೊಡೆದರು. ತಪ್ಪು ಎಂದಿತು. ಮನೆದೇವರ ಹೆಸರು ಹೊಡೆದರು. ತಪ್ಪು. ದೇವರ ಹೆಸರನ್ನು ತಪ್ಪು ಅನ್ನುತ್ತದಲ್ಲ ಎಂದು ಸಿಟ್ಟಿನಿಂದ ಅದೇ ಹೆಸರನ್ನು ಇನ್ನೊಮ್ಮೆ ಜೋರಾಗಿ ಹೊಡೆದರು. ನಾನು ಅವರ ಕೈ ಹಿಡಿಯುವ ಹೊತ್ತಿಗೆ ಐದರಲ್ಲಿ ಮೂರು ಅವಕಾಶ ಮುಗಿದಿದ್ದವು. ಇನ್ನೆರಡು ಹೋದರೆ ಒಳಗಿದ್ದುದೆಲ್ಲ ಅಳಿಸುತ್ತದೆ ಎಂದು ಹೇಳಿದೆ. ಹಾಗೆ ಮಾಡು ಎಂದು ಅದಕ್ಕೆ ಹೇಳಿದವರು ಯಾರು ಎಂದು ಕೇಳಿದರು. ನಾನೇ ಎಂದೆ.

ಗುರುಸಿದ್ದವ್ವ ಆಗ ಯಳವತ್ತಿಯಲ್ಲಿ ಮಗಳ ಮನೆಯಲ್ಲಿದ್ದರು. ಸಾವಕಾರರು ಫೋನು ಹಚ್ಚಿದರು. ಅವರಿಗೆ ಕಿವಿ ಸ್ವಲ್ಪ ಮಂದ, ಆದ್ದರಿಂದ ಫೋನನ್ನು ಎಲ್ಲರಿಗೂ ಕೇಳುವ ಹಾಗೆ ಮೇಜಿನ ಮೇಲಿಟ್ಟು ಕೂಗಿ ಮಾತಾಡುವುದು ರೂಢಿ. ಪಕ್ಕದ ಬಳೆ ಅಂಗಡಿಯ ಬಾನುಬಿ ಕೂಡ ಬಂದು ಬಾಗಿಲಲ್ಲಿ ನಿಂತರು.

“ಅವ್ವಾ, ಆ ಕಂಪ್ಯೂಟರ್‌ನ್ಯಾಗ ಏನ್ ಒತ್ತಿದ್ದಿ? ಹೇಳು.”

“ಹೇಳೂದಿಲ್ಲ. ಮಕ್ಕಳಿಗೂ ಹೇಳಬ್ಯಾಡ್ರಿ ಅಂತ ಯೂಸುಫ ದೀಪ ಮುಟ್ಟಿಸಿ ಆಣಿ ಮಾಡಿಸ್ಯಾನ.”

ಸಾವಕಾರರು ಫೋನಿನಿಂದ ಮುಖ ಎತ್ತಿ ನಿಧಾನವಾಗಿ ನನ್ನ ಕಡೆ ತಿರುಗಿದರು. ಆರು ವರ್ಷದಲ್ಲಿ ಅವರು ನನ್ನನ್ನು ಹಾಗೆ ನೋಡಿರಲಿಲ್ಲ.

“ಯೂಸುಫ, ನಮ್ಮವ್ವನ ಕಡಿಂದ ಏನ್ ಬರಸಿ ಇಟ್ಟೀ ಅದರಾಗ?”

ಏನೂ ಇಲ್ಲ, ಬರೀ ಒಂಬತ್ತು ಕೀಲಿ ಎಂದೆ. ಏನೂ ಇಲ್ಲದ್ದಕ್ಕೆ ಆಣೆ ಯಾಕೆ ಎಂದರು. ಸುರಕ್ಷೆ ಎಂದೆ. ಯಾರಿಂದ ಸುರಕ್ಷೆ, ನನ್ನಿಂದಲೇ ಎಂದರು. ಪಾಠದ ಪ್ರಕಾರ ಉತ್ತರ ಹೌದು ಎಂದಿತ್ತು. ನಾನು ಹೌದು ಎಂದುಬಿಟ್ಟೆ.

ಬಾನುಬಿ ಅಷ್ಟೊತ್ತಿಗೆ ಬಾಗಿಲಲ್ಲಿ ಇರಲಿಲ್ಲ.

ಮುಂದಿನದಕ್ಕೆ ಯಾರನ್ನೂ ದೂರುವಂತಿಲ್ಲ; ಒಬ್ಬೊಬ್ಬರೂ ತಾವು ಕೇಳಿದ್ದಕ್ಕೆ ಒಂದು ಚಿಟಿಕೆ ಸೇರಿಸಿದರು ಅಷ್ಟೆ. ಬಳೆ ಅಂಗಡಿಯಿಂದ ಹೊರಟಾಗ ಸುದ್ದಿ ಇದ್ದದ್ದು ಗುರುಸಿದ್ದವ್ವ ಕಂಪ್ಯೂಟರಿನಲ್ಲಿ ಮಕ್ಕಳಿಗೆ ಹೇಳಬಾರದ್ದೇನೋ ಇಟ್ಟಿದ್ದಾರೆ ಎಂದು. ಹಿಟ್ಟಿನ ಗಿರಣಿ ದಾಟುವಾಗ ಅದು ಕಾಗದಪತ್ರವಾಗಿತ್ತು. ಬಸ್‌ಸ್ಟ್ಯಾಂಡಿನಲ್ಲಿ ಮೃತ್ಯುಪತ್ರವಾಯಿತು. ಅಲ್ಲಿಂದ ಬಸ್ಸು ಹತ್ತಿ ಎಲ್ಲೆಲ್ಲಿಗೆ ಹೋಯಿತೋ ಗೊತ್ತಿಲ್ಲ. ಹನ್ನೊಂದು ಗಂಟೆಗೆ ನನ್ನ ತಾಯಿ ಅಮೀನಬಿ ಅರ್ಧ ತಟ್ಟಿದ ರೊಟ್ಟಿ ಬಿಟ್ಟು ಹಿಟ್ಟಿನ ಕೈಯಲ್ಲೇ ಪ್ರೆಸ್ಸಿಗೆ ಬಂದರು. ಗುರುಸಿದ್ದವ್ವ ಹೊಲವನ್ನೆಲ್ಲ ನನ್ನ ಹೆಸರಿಗೆ ಬರೆದಿದ್ದಾರೆ ಅನ್ನುವುದು ಖರೆಯೇ ಎಂದು ನನ್ನನ್ನು ಮೂಲೆಗೆ ಕರೆದು ಕೇಳಿದರು. ಅಲ್ಲ, ಸುಳ್ಳು ಎಂದು ದೇವರಾಣೆ ಮಾಡಿ ಹೇಳಿದೆ. ತಾಯಿಗೆ ಸಮಾಧಾನವಾಯಿತು. ಆದರೂ ಹೋಗುವಾಗ ಮುಖ ಸ್ವಲ್ಪ ಸಣ್ಣದಾದ ಹಾಗೆ ನನಗೆ ಕಂಡಿತು.

ಹೇಳಬೇಡ, ಬಂದು ಒತ್ತಿ ಹೋಗು ಎಂದು ಸಾವಕಾರರು ತಮ್ಮ ತಾಯಿಯನ್ನು ಒಪ್ಪಿಸಿದ್ದರು. ಗುರುಸಿದ್ದವ್ವ ಯಳವತ್ತಿಯಿಂದ ಒಬ್ಬರೇ ಹೊರಟರು. ಲಕ್ಷ್ಮೇಶ್ವರದಲ್ಲಿ ಅವರ ಕಿರಿಯ ಮಗ ವೀರು ಬಸ್‌ಸ್ಟ್ಯಾಂಡಿನಲ್ಲೇ ಕಾಯುತ್ತಿದ್ದ. ಅವನಿಗೆ ಮೃತ್ಯುಪತ್ರದ ಖಬರ ಆಗಲೇ ಮುಟ್ಟಿತ್ತು. ತಾಯಿಯನ್ನು ಬಸ್ಸಿನಿಂದ ಇಳಿಸಿ, ಒಂದು ಕ್ರೂಸರ್ ಗಾಡಿ ಮಾಡಿ, ಹೆಂಡತಿ ಮಕ್ಕಳನ್ನೂ ಅವಳ ಅಣ್ಣನನ್ನೂ ಹತ್ತಿಸಿಕೊಂಡ. ಶಿರಹಟ್ಟಿಯಲ್ಲಿ ಗುರುಸಿದ್ದವ್ವನ ತಮ್ಮ ಕೈ ಅಡ್ಡ ಹಿಡಿದು ಗಾಡಿ ನಿಲ್ಲಿಸಿದರು. ಇಂಥ ಕಾಗದಕ್ಕೆ ತವರಿನ ಸಾಕ್ಷಿ ಇಲ್ಲದೆ ನಡೆಯುವುದಿಲ್ಲ ಎಂದು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮೂರು ಜನರೊಡನೆ ಹತ್ತಿದರು. ಇಷ್ಟೆಲ್ಲ ಜನ ಯಾಕೆ ಬರುತ್ತಿದ್ದಾರೆ ಎಂದು ಯಾರೂ ಗುರುಸಿದ್ದವ್ವನಿಗೆ ಹೇಳಲಿಲ್ಲ. ಅವರು ಎಲ್ಲರಿಗೂ ತನ್ನ ಮೇಲೆ ಪ್ರೀತಿ ಉಕ್ಕಿದೆ ಎಂದೇ ತಿಳಿದು, ದಾರಿಯುದ್ದಕ್ಕೂ ಮಗಳು ಕಟ್ಟಿಕೊಟ್ಟ ಉಂಡೆ ಹಂಚುತ್ತ ಬಂದರು.

ಇತ್ತ ನಾನು ಹೊಳೆಯಪ್ಪನವರಿಗೆ ಫೋನು ಮಾಡಿ ನಡೆದದ್ದನ್ನು ಇದ್ದ ಹಾಗೆ ಹೇಳಿದೆ. ಮುಚ್ಚಿಡಬಹುದಿತ್ತು ಎಂದು ಸಾವಕಾರರು ಆಮೇಲೆ ಬೈದರು. ನನಗೆ ಮುಚ್ಚಿಡಲು ಬರುವುದಿಲ್ಲ. ಹೊಳೆಯಪ್ಪ ಮೆಲ್ಲಗೆ, “ಯೂಸುಫ, ಆ ಕ್ರಮ ಹೋತು ಅಂದ್ರ ನನ್ನ ಮಗಳ ಅಕ್ಕಿಕಾಳಿಗೆ ಅರ್ಧ ಊರು ಬರೂದಿಲ್ಲೋ ತಮ್ಮಾ” ಎಂದರು. ಕೂಗಾಡಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲ. ಮಧ್ಯಾಹ್ನ ಎರಡಕ್ಕೆ ಅವರು ಕೆಳಗಿನ ಮನೆಯ ಹನ್ನೆರಡು ಜನರೊಡನೆ ಬಂದರು. ಹಿಂದೆಯೇ ಇನ್ನೊಂದು ಗಾಡಿಯಲ್ಲಿ ಮೇಲಿನ ಮನೆಯ ಅಜ್ಜ, ಹದಿಮೂರು ಜನರೊಡನೆ. ಕೆಳಗಿನವರು ಎಷ್ಟು ಜನ ಎಂದು ತಿಳಿದುಕೊಂಡೇ ಅವರು ಒಬ್ಬನನ್ನು ಹೆಚ್ಚು ಕರೆತಂದಿದ್ದರು.

ಎರಡು ಮನೆಯವರು ರಸ್ತೆಯ ಎರಡು ಬದಿಗೆ ನಿಂತರು. ನಡುವೆ ವೀರುವಿನ ಕ್ರೂಸರ್ ಬಂದು ನಿಂತಿತು. ಹಿಂದೆ ಬಸ್ಸು ನಿಂತು ಹಾರ್ನು ಹೊಡೆಯತೊಡಗಿತು. ಅದಕ್ಕೆ ಹವಾಲ್ದಾರ ಸಿದ್ದಾರೂಢ ಬಂದರು. ರಸ್ತೆ ಬಿಡಿಸಲು ಬಂದವರು, ಏನು ಗದ್ದಲ ಎಂದು ಒಳಗೆ ಬಂದು, ಪರದೆಯ ಮೇಲಿದ್ದುದನ್ನು ಓದಿ ಹೇಳು ಎಂದು ನನಗೆ ಆಜ್ಞೆ ಮಾಡಿದರು. ನಾನು ಓದಿ ಕನ್ನಡದಲ್ಲಿ ಹೇಳಿದೆ. ಅವರು ಎರಡನೇ ಸಲ ಹೇಳಿಸಿದರು. ಅವರ ಮುಖದಲ್ಲಿ ಗೌರವ ಮೂಡಿತು.

“ಇದೊಂದ ನೋಡ್ರಿ ಈ ಅಂಗಡ್ಯಾಗ ಕಾಯ್ದೆ ತಿಳಿದಿದ್ದು” ಎಂದರು. “ಮಾಲಕರ ಎಲ್ಲಿ ಅಂತ ಕೇಳಾಕತ್ತೈತಿ. ಬರೋಬ್ಬರಿ ಐತಿ. ಕರಕೊಂಡ ಬರ್ರಿ ಮಾಲಕರನ್ನ.”

ಗುರುಸಿದ್ದವ್ವನನ್ನು ಇಳಿಸಿ ತಂದರು. ಸಾವಕಾರರು ಈ ಕಡೆಯಿಂದ ತೋಳು ಹಿಡಿದರು, ವೀರು ಆ ಕಡೆಯಿಂದ. ಇಬ್ಬರೂ ಬಿಡಲಿಲ್ಲ, ಬಾಗಿಲಲ್ಲಿ ಮೂವರೂ ಸಿಕ್ಕಿಕೊಂಡರು. ಕೊನೆಗೆ ಅವರನ್ನು ಸಾವಕಾರರ ದೊಡ್ಡ ಕುರ್ಚಿಯಲ್ಲೇ ಕೂರಿಸಿದರು. ಒತ್ತುವಾಗ ಯಾರೂ ನೋಡಬಾರದು ಎಂದು ಗುರುಸಿದ್ದವ್ವ ಹೇಳಿದರು. ಹವಾಲ್ದಾರರು ಲಾಠಿ ಎತ್ತಿ ಎಲ್ಲರನ್ನೂ ಗೋಡೆಯ ಕಡೆ ತಿರುಗಿಸಿದರು. ಮೇಲಿನ ಮನೆ, ಕೆಳಗಿನ ಮನೆ, ಶಿರಹಟ್ಟಿಯ ಸಾಕ್ಷಿಗಳು, ಬಾನುಬಿ, ಹಾರ್ನು ಬಿಟ್ಟು ಬಂದಿದ್ದ ಬಸ್ಸಿನ ಡ್ರೈವರ್, ಎಲ್ಲರೂ ಶಾಲೆಯಲ್ಲಿ ಶಿಕ್ಷೆಗೆ ನಿಂತವರ ಹಾಗೆ ಗೋಡೆಗೆ ಮೂಗು ಹಚ್ಚಿ ನಿಂತರು. ಸಾಲದ್ದಕ್ಕೆ ಹವಾಲ್ದಾರರು ತಾವೂ ತಿರುಗಿ ನಿಂತರು.

ಒಂಬತ್ತು ಸಲ ಟಕ್ ಎಂದಿತು. ನಾನು ತಿರುಗಿದೆ.

ತಪ್ಪು ಎಂದಿತ್ತು. ಉಳಿದದ್ದು ಒಂದೇ ಅವಕಾಶ.

ಅದನ್ನು ನಾನು ಗಟ್ಟಿಯಾಗಿ ಹೇಳಬಾರದಿತ್ತು. ಹೇಳಿದೆ. ಹೊಳೆಯಪ್ಪ ಗೋಡೆಗೆ ಒರಗಿದವರು ಹಾಗೇ ಜಾರಿ ನೆಲಕ್ಕೆ ಕುಳಿತರು. ವಯಸ್ಸಾಯಿತು, ಮರೆತಿದ್ದಾರೆ ಎಂದು ಶಿರಹಟ್ಟಿಯ ತಮ್ಮ ಅಂದರು. ಮರೆತಿಲ್ಲ, ಬೇಕೆಂದೇ ತಪ್ಪು ಒತ್ತಿದ್ದಾಳೆ ಎಂದು ವೀರುವಿನ ಹೆಂಡತಿ ಅಂದಳು. ಗುರುಸಿದ್ದವ್ವ ತಮ್ಮ ಬೆರಳನ್ನೇ ನೋಡಿಕೊಳ್ಳುತ್ತಿದ್ದರು. ಆಮೇಲೆ ಕುರ್ಚಿಯ ಕೈ ಹಿಡಿದು ಎದ್ದರು.

“ಕುಂತು ಯಾರರ ರಂಗೋಲಿ ಹಾಕ್ತಾರೇನು? ಅವತ್ತ ನಿಂತು ಬಗ್ಗಿ ಒತ್ತಿದ್ದೆ. ಕುರ್ಚಿ ತಗೀರಿ ಇಲ್ಲಿಂದ.”

ಕುರ್ಚಿ ತೆಗೆದೆವು. ಅವರು ಸೆರಗು ಸಿಕ್ಕಿಸಿ, ಅಂಗಳದಲ್ಲಿ ನಿಂತ ಹಾಗೆ ಸೊಂಟ ಬಗ್ಗಿಸಿ ನಿಂತರು. ಮತ್ತೆ ಎಲ್ಲರೂ ಗೋಡೆಗೆ. ಈ ಸಲ ಟಕ್ ಟಕ್ ಎಂಬುದು ಬೇರೆ ಲಯದಲ್ಲೇ ಬಂತು. ಒಂಬತ್ತನೆಯದು ಮುಗಿದು ಎರಡು ಕ್ಷಣವಾಗಿರಬಹುದು, ಯಂತ್ರ ಸಣ್ಣಗೆ ಗುಂಯ್‌ಗುಟ್ಟಿತು. ರಿಕವರಿ ಮೋಡ್ ತೆರೆದಿತ್ತು. ನೂರು ಪುಸ್ತಕ ಓದಿದ ಎಷ್ಟೋ ಜನರನ್ನು ಬಾಗಿಲಲ್ಲೇ ನಿಲ್ಲಿಸುವ ಸುರಕ್ಷಾ ನೀತಿ ಅಕ್ಷರ ಬಾರದ ಒಂದು ಮುದುಕಿಗೆ ಹಾದಿ ಬಿಟ್ಟಿತು. ನನ್ನ ಕಣ್ಣಲ್ಲಿ ನೀರು ಬಂತು. ಹವಾಲ್ದಾರರು ಯಂತ್ರಕ್ಕೋ ಗುರುಸಿದ್ದವ್ವನಿಗೋ ಗೊತ್ತಾಗದ ಹಾಗೆ ಒಂದು ಸೆಲ್ಯೂಟು ಹೊಡೆದರು.

ವೀರು ಎಲ್ಲರನ್ನೂ ಸರಿಸಿ ಮುಂದೆ ಬಂದ. “ತೋರ್ಸು ಮೃತ್ಯುಪತ್ರ” ಎಂದ.

“ಯಾರದು?” ಎಂದರು ಗುರುಸಿದ್ದವ್ವ.

ಬಾನುಬಿ ಬಳೆ ಅಂಗಡಿಗೆ ಗಿರಾಕಿ ಬಂದಂತಾಯಿತು ಎಂದು ಮೆಲ್ಲಗೆ ಜಾರಿದರು. ಗುರುಸಿದ್ದವ್ವ ಹಿರಿಯ ಮಗನ ಮುಖ ನೋಡಿದರು, ಕಿರಿಯನ ಮುಖ ನೋಡಿದರು, ಇಸ್ತ್ರಿ ಅಂಗಿಯ ತಮ್ಮನನ್ನು ನೋಡಿದರು. ದಾರಿಯಲ್ಲಿ ಎಲ್ಲರೂ ತಿಂದ ಉಂಡೆಯ ಲೆಕ್ಕ ಅವರಿಗೆ ಆಗ ಸಿಕ್ಕಿರಬೇಕು.

“ನನ್ನ ಹೆಸರ್ಲೆ ಇದ್ದದ್ದು ಒಂದು ಮೀಟರು, ಒಂದು ಪಂಪು, ಒಂದು ಫಟಫಟಿ. ಹೊಲ ನಿಮ್ಮಪ್ಪ ಇದ್ದಾಗನ ನಿಮ್ಮಿಬ್ಬರ ಹೆಸರಿಗೆ ಆಗೇತಿ, ಅದೂ ಮರತ್ರೇನು? ಮೀಟರು ಬೇಕಾಗಿದ್ರ ಕಿತ್ಕೊಂಡ ಹೋಗಪಾ ವೀರೂ. ಬಿಲ್ಲೂ ನಿನಗ ಬರ್ತೈತಿ.”

ವೀರು ತಾನು ಅದಕ್ಕಾಗಿ ಬಂದದ್ದಲ್ಲ, ತಾಯಿಯ ಆರೋಗ್ಯ ವಿಚಾರಿಸಲು ಬಂದದ್ದು ಎಂದ. ಅವನ ಹೆಂಡತಿಯ ಅಣ್ಣ ಕೂಡ ಅದಕ್ಕೇ ಬಂದಿದ್ದನಂತೆ.

ಇಷ್ಟರಲ್ಲಿ ಕಂಪ್ಯೂಟರ್ ತನ್ನನ್ನು ತಾನು ಸರಿಪಡಿಸಿಕೊಂಡು ಎದ್ದಿತು. ಮುಕ್ಕಾಲು ಗಂಟೆ ಹಿಡಿಯಿತು. ಆ ಮುಕ್ಕಾಲು ಗಂಟೆ ಹೊಳೆಯಪ್ಪ ಪರದೆಯ ಮೇಲಿಂದ ಕಣ್ಣು ತೆಗೆಯಲಿಲ್ಲ. ಆಸ್ಪತ್ರೆಯಲ್ಲಿ ಹೆರಿಗೆ ಕೋಣೆಯ ಹೊರಗೆ ಕುಳಿತವರ ಹಾಗೆ ಎರಡು ಮೊಣಕಾಲು ಅಪ್ಪಿ ಕುಳಿತಿದ್ದರು. ನಾನು ಅವರ ಪತ್ರಿಕೆ ತೆರೆದೆ. ತೆರೆಯಿತು. ನೂರಾ ನಲವತ್ತಮೂರು ಹೆಸರೂ ಇದ್ದವು.

ಆದರೆ ಯಂತ್ರ ಎದ್ದದ್ದು ಎರಡು ತಿಂಗಳ ಹಿಂದಿನ ತನ್ನ ಒಳ್ಳೆಯ ದಿನಕ್ಕೆ ಹೋಗಿ. ಆ ದಿನ ಹೊಳೆಯಪ್ಪ ಫೋನಿನಲ್ಲಿ ನೆನಪಾದ ಹಾಗೆ ಹೆಸರು ಹೇಳಿದ್ದರು, ನಾನು ಹಾಗೆಯೇ ಬರೆದುಕೊಂಡಿದ್ದೆ. ಹೆಸರುಗಳು ಉಳಿದಿದ್ದವು, ಕ್ರಮ ಹೋಗಿತ್ತು. ಎಲ್ಲಕ್ಕಿಂತ ಮೇಲೆ ಹೊಳೆಯಪ್ಪನವರ ಷಡ್ಡಕರಿದ್ದರು. ಮೇಲಿನ ಮನೆಯ ಅಜ್ಜ ತೊಂಬತ್ತೇಳನೆಯವರು.

ಸಾವಕಾರರ ಹೊರತು ಬೇರೆ ಯಾರೂ ಇನ್ನೂ ಗಮನಿಸಿರಲಿಲ್ಲ. ಸಾವಕಾರರು ನನ್ನ ಪಾದ ತುಳಿದರು. ಆದರೆ ನಾನು ಹೇಳಿಬಿಟ್ಟೆ.

ಅಲ್ಲಿದ್ದವರಿಗೆ ಆದ ಆಘಾತವನ್ನು ಬರೆಯಲು ನನಗೆ ಮಾತು ಸಾಲದು. ಮೇಲಿನ ಮನೆಯ ಅಜ್ಜ ತಲೆಯ ರುಮಾಲು ಬಿಚ್ಚಿ ಮತ್ತೆ ಸುತ್ತಿಕೊಂಡರು. ಅದು ಅವರು ಎದ್ದು ಹೋಗುವ ಮೊದಲು ಮಾಡುವ ಕೆಲಸ ಎಂದು ಹನ್ನೊಂದು ಸಭೆಗಳಿಂದ ನನಗೆ ಗೊತ್ತಿತ್ತು. ಸರಿಯಾದ ಕ್ರಮ ನನಗೆ ನೆನಪಿದೆ ಎಂದು ಕೆಳಗಿನ ಮನೆಯವನೊಬ್ಬ ಹೇಳಿದ. ನನಗೂ ಇದೆ ಎಂದು ಮೇಲಿನ ಮನೆಯವನೊಬ್ಬ ಹೇಳಿದ. ಇಬ್ಬರ ನೆನಪಿನಲ್ಲೂ ಮೊದಲ ಹೆಸರು ಬೇರೆ ಬೇರೆ ಇತ್ತು. ಹೊಳೆಯಪ್ಪ ಎರಡೂ ಕಡೆಗೆ ಕೈ ಮುಗಿದರು. ಯಾರೂ ಅವರ ಕಡೆ ನೋಡಲಿಲ್ಲ. ಅಜ್ಜ ಚಪ್ಪಲಿ ಹುಡುಕತೊಡಗಿದರು.

ಆಗ ಗುರುಸಿದ್ದವ್ವ ಮಾತಾಡಿದರು. ಆ ಹೊತ್ತಿಗೆ ಅವರಿಗೆ ಎಲ್ಲ ಮನೆತನಗಳ ಮೇಲೂ ಬೇಸರ ಬಂದಿತ್ತು.

“ಚೀಟಿ ಮಾಡ್ರಿ, ನಾ ಎತ್ತತೀನಿ. ನನಗ ಅಕ್ಷರ ಬರೂದಿಲ್ಲ, ನೀವ್ಯಾರೂ ನನಗ ಬೀಗರಲ್ಲ. ಬಂದ ಹಂಗ ಬರಕೋರಿ. ಎತ್ತಿದ್ದು ತಿರುಗಿ ಹಾಕೂದಿಲ್ಲ, ಮೊದಲ ಹೇಳೇನಿ.”

ಅಜ್ಜನ ಒಂದು ಕಾಲು ಚಪ್ಪಲಿಯಲ್ಲಿತ್ತು. ಅದನ್ನು ಮತ್ತೆ ಹೊರಗೆ ತೆಗೆದರು. ಆ ಮುದುಕಿಯ ಕೈಯನ್ನು ಸುರಕ್ಷಾ ನೀತಿ ಒಪ್ಪಿದ್ದನ್ನು ಅವರು ಕಣ್ಣಾರೆ, ಅಂದರೆ ಗೋಡೆಯ ಕಡೆ ತಿರುಗಿ ಕಿವಿಯಾರೆ, ಕಂಡಿದ್ದರು. ಕೆಳಗಿನ ಮನೆಯವರು ಒಪ್ಪಿದರೆ ತಾನೂ ಒಪ್ಪುವುದಾಗಿ ಹೇಳಿದರು. ಕೆಳಗಿನ ಮನೆಯವರೂ ಅದನ್ನೇ ಹೇಳಿದರು. ಹವಾಲ್ದಾರರು ಇದನ್ನೇ ಒಪ್ಪಿಗೆ ಎಂದು ತೀರ್ಮಾನಿಸಿದರು.

ನಾನು ಹೆಸರುಗಳ ಹಾಳೆ ಅಚ್ಚು ಮಾಡಿ ಕತ್ತರಿಸುವ ಯಂತ್ರಕ್ಕೆ ಕೊಟ್ಟೆ. ಅವಸರವಿತ್ತು, ಹೊತ್ತು ಇಳಿಯುತ್ತಿತ್ತು. ಸಾಲಿಗೊಂದು ಚೀಟಿಯಾಗಿ ಬಿದ್ದವು. ಎಲ್ಲವನ್ನೂ ಮಡಚಿ ಬಾನುಬಿಯವರ ಅಂಗಡಿಯಿಂದ ತಂದ ಬಳೆ ಬುಟ್ಟಿಯಲ್ಲಿ ಹಾಕಿ ಕಲಸಿದೆವು. ಗುರುಸಿದ್ದವ್ವ ಕಣ್ಣು ಮುಚ್ಚಿ ಕೈ ಹಾಕಿದರು. ಎರಡು ಮನೆಯ ಇಪ್ಪತ್ತೇಳು ಜನ ಬುಟ್ಟಿಯ ಕಡೆ ಬಗ್ಗಿದರು. ಮೊದಲ ಚೀಟಿ ಹವಾಲ್ದಾರರ ಕೈಗೆ ಹೋಯಿತು. ಅವರು ಬಿಚ್ಚಿದರು, ಓದಿದರು, ಹಿಂದೆ ಮುಂದೆ ತಿರುಗಿಸಿ ಮತ್ತೆ ಓದಿದರು.

“ಅಕ್ಷರ ಜೋಡಣೆ, ಯೂಸುಫ” ಎಂದರು.

ಪತ್ರಿಕೆಯ ತಳದಲ್ಲಿ ಸಣ್ಣದಾಗಿ ಬರುವ ನನ್ನ ಹೆಸರಿನ ಸಾಲು. ಕತ್ತರಿಸುವಾಗ ಅದನ್ನು ತೆಗೆಯುವುದನ್ನು ನಾನು ಮರೆತಿದ್ದೆ. ಬುಟ್ಟಿಯಲ್ಲಿ ನೂರಾ ನಲವತ್ತನಾಲ್ಕು ಚೀಟಿಗಳಿದ್ದವು.

ನಾನು ಸಾವಕಾರರ ಕಾಲಿಗೆ ಬೀಳಲು ಹೋದೆ. ಅದನ್ನು ತೆಗೆದು ಬಿಸಾಡಿ ಮತ್ತೆ ಎತ್ತೋಣ ಎಂದು ಸಾವಕಾರರು ಹೇಳಿದರು. ಮೇಲಿನ ಮನೆಯ ಅಜ್ಜ ಕೈ ಅಡ್ಡ ಮಾಡಿದರು.

“ಒಂದು ತಿರುಗಿ ಹಾಕಿದ್ರಿ ಅಂದ್ರ ಎಲ್ಲಾನೂ ತಿರುಗಿ ಹಾಕಬಹುದು. ಹಂಗಾಗಂಗಿಲ್ಲ.”

“ಖರೆ ಐತಿ” ಎಂದ ಕೆಳಗಿನ ಮನೆಯವನೊಬ್ಬ. ಎರಡು ತಿಂಗಳಲ್ಲಿ ಆ ಎರಡು ಮನೆ ಯಾರ ಒತ್ತಾಯವೂ ಇಲ್ಲದೆ ಒಂದು ಮಾತಿಗೆ ಕೂಡಿದ್ದು ಅದೇ ಮೊದಲು. ಹೊಳೆಯಪ್ಪ ಅದನ್ನು ಕೇಳಿ, ಎಲ್ಲಿ ಮತ್ತೆ ಬದಲಾಗುತ್ತದೋ ಎಂದು ಹೆದರಿ, ಬರೆದುಕೋ ಬರೆದುಕೋ ಎಂದು ನನ್ನ ಬೆನ್ನು ತಳ್ಳಿದರು. ನಾನು ನನ್ನ ಹೆಸರನ್ನು ಮೊದಲ ಸಾಲಿನಲ್ಲಿ ನನ್ನ ಕೈಯಾರೆ ಹೊಡೆದೆ. ಎರಡನೆಯದು ಯಾರ ಹೆಸರು ಬಂತು ಎಂದು ಆಮೇಲೆ ಯಾರೂ ಗಮನಿಸಲೇ ಇಲ್ಲ. ಎಲ್ಲರೂ ನನ್ನ ಹೆಸರಿನ ಕೆಳಗೇ ಇದ್ದರು. ಎಲ್ಲರಿಗೂ ಒಂದೇ ಥರ ಆಶ್ಚರ್ಯವಾಗಿತ್ತು. ಹೊತ್ತು ಮುಳುಗುವುದರೊಳಗೆ ಪತ್ರಿಕೆ ಗಾಡಿ ಹತ್ತಿತು.

ಮದುವೆಯ ದಿನ ನಾನು ಹೋಗಬಾರದು ಎಂದುಕೊಂಡಿದ್ದೆ. ಬೆಳಿಗ್ಗೆ ಆರಕ್ಕೇ ಎರಡು ಮನೆಯವರೂ ಬೇರೆ ಬೇರೆ ಗಾಡಿ ಕಳಿಸಿದ್ದರು. ಎರಡನ್ನೂ ಬಿಟ್ಟು ಬಸ್ಸಿನಲ್ಲಿ ಹೋದೆ. ಕೊರ್ಲಹಳ್ಳಿಯ ಮಂಟಪದ ಬಾಗಿಲಲ್ಲಿ ವರನ ಕಡೆಯವರೆಲ್ಲ ನನ್ನ ಕೈ ಕುಲುಕಿ, ತಾವು ಹುಡುಗಿಗೆ ಏನಾಗಬೇಕು ಎಂದು ಕೇಳಿದರು. ಅಕ್ಷರ ಜೋಡಣೆ ಎಂದೆ. ಅದು ಯಾವ ಸಂಬಂಧವೋ ಎಂದು ಅವರು ಗೌರವದಿಂದ ತಲೆದೂಗಿದರು. ಮುಹೂರ್ತಕ್ಕೆ ಎರಡು ಸಾವಿರ ಜನ ಮುಷ್ಟಿಯಲ್ಲಿ ಅಕ್ಕಿ ಹಿಡಿದು ನನ್ನ ಕಡೆ ನೋಡುತ್ತ ನಿಂತರು. ನಾನು ಹಾಕಿದೆ. ಗಾಬರಿಯಲ್ಲಿ ಅರ್ಧ ಅಕ್ಕಿ ಪುರೋಹಿತರ ಮೇಲೆ ಬಿತ್ತು. ಮರುಕ್ಷಣ ಎರಡು ಮನೆಯ ಅಕ್ಕಿಯೂ ಒಟ್ಟಿಗೆ ಸುಶ್ಮಿತಾಳ ತಲೆಯ ಮೇಲೆ ಬಿತ್ತು. ಹೊಳೆಯಪ್ಪ ಎಲ್ಲಿದ್ದಾರೆ ಎಂದು ನೋಡಿದೆ. ಅವರು ಕಂಬದ ಹಿಂದೆ ಮುಖ ತಿರುಗಿಸಿ ನಿಂತು ಟವೆಲ್ಲಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು.

ಎಲ್ಲ ಮುಗಿಯಿತು ಎಂದುಕೊಂಡು ಮರುದಿನ ಪ್ರೆಸ್ಸು ತೆರೆದೆ. ಸುರಕ್ಷಾ ನೀತಿಯನ್ನು ಸ್ವಲ್ಪ ಸಡಿಲ ಮಾಡಿದರೆ ಹೇಗೆ ಎಂದು ಯೋಚಿಸುತ್ತ ಕುಳಿತಿದ್ದಾಗ ಬಾಗಿಲಲ್ಲಿ ಇಬ್ಬರು ಅಣ್ಣತಮ್ಮಂದಿರು ಬಂದು ನಿಂತರು. ಗುರುತಿನವರಲ್ಲ. ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಲಗ್ನಪತ್ರಿಕೆ ಮಾಡಿಸಬೇಕು ಎಂದರು. ಹೆಸರಿನ ಪಟ್ಟಿ ಕೊಡಿರಿ ಎಂದೆ.

“ಪಟ್ಟಿ ಆಮ್ಯಾಲ ಕೊಡತೀವ್ರಿ” ಎಂದ ಹಿರಿಯ. “ಮೊದಲ ಯೂಸುಫ ಅನ್ನೋರದು ಹಾಕ್ರಿ. ನಮ್ಮ ಮನ್ಯಾಗೂ ಭಾಳ ಜಗಳ ಐತಿ.”